ಮೂರನೇ ಹಳಿ ಖಾಲಿ ಇರಲಿ

ಮಕ್ಕಳು ಮಲಗಿದ್ದರೆ ಹೇಳಿಬಿಡುತ್ತೇನೆ. ಎದ್ದಿದ್ದರೆ ಬೇಡ... ಆಮೇಲೆ ರಾತ್ರಿಯೆಲ್ಲ ಬಚ್ಚಲಿಗೆ ಹೋಗಲು ನನ್ನನ್ನೇ ಎಬ್ಬಿಸುತ್ತಾರೆ.

ಇದು ನಮ್ಮ ಗೋಡೆಗೆ ಗೋಡೆ ಅಂಟಿದ ಮನೆಯ ಹೊಲಿಗೆಯವಳಿಗೆ ಆದದ್ದು. ಯಾರೋ ಎಲ್ಲೋ ಕೇಳಿ ಬಂದು ಹೇಳಿದ್ದಲ್ಲ. ಅವಳು ಸುಳ್ಳು ಹೇಳುವ ಪೈಕಿಯೂ ಅಲ್ಲ. ಸುಳ್ಳು ಕಟ್ಟುವುದಕ್ಕೆ ಪುರುಸೊತ್ತು ಬೇಕಲ್ಲ, ಅದು ಅವಳಿಗಿಲ್ಲ.

ಗುರುವಾರ ರಾತ್ರಿ. ಆಸ್ಪತ್ರೆಯ ನರ್ಸುಗಳ ಹನ್ನೆರಡು ಕೋಟುಗಳಿಗೆ ಗುಂಡಿ ಹಚ್ಚಿ, ರಾತ್ರಿ ಪಾಳಿಗೆ ಮುಂಚೆ ತಲುಪಿಸಿ, ಒಬ್ಬಳೇ ವಾಪಸು ಬರುತ್ತಿದ್ದಳು. ಹತ್ತೂವರೆ ಗಂಟೆ. ಬೀದಿ ಮುಗಿಯುವಲ್ಲಿ ಒಂದು ಹಳೇ ಬಾವಿ ಇದೆ. ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಅದರ ಪಕ್ಕದಿಂದ ಅವಳ ಮನೆಯ ಹಿಂದಿನ ಕಿಟಕಿ ಕಾಣುತ್ತದೆ. ದೊಡ್ಡ ಕಿಟಕಿ. ಒಳಗೆ ದೀಪವಿರಲಿಲ್ಲ.

ಸದ್ದು ಮಾತ್ರ ಇತ್ತು.

ಟಿಕ್...

ಆಮೇಲೆ ಸರ್ರ್ರ್ ಎಂದು ಏನೋ ಸಣ್ಣದು ಉರುಳಿತು. ಸ್ವಲ್ಪ ಹೊತ್ತು ಏನಿಲ್ಲ. ಮತ್ತೆ... ಟಿಕ್.

ಆ ಸದ್ದು ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೆರಳುದ್ದದ ಎರಡು ರೈಲು ವ್ಯಾಗನ್ನುಗಳ ಕೊಂಡಿ ಒಂದನ್ನೊಂದು ಕಚ್ಚಿಕೊಳ್ಳುವ ಸದ್ದು. ಹುಟ್ಟಿದಾಗಿನಿಂದ ಅದನ್ನು ಕೇಳುತ್ತಲೇ ಬೆಳೆದವಳು ಅವಳು.

"ದೊರೆಗೆ ಇನ್ನೂ ನಿದ್ದೆ ಬಂದಿಲ್ಲ" ಎಂದುಕೊಂಡು ಮನೆಯೊಳಗೆ ಹೋದಳು. ದೊರೆ ಎಂದರೆ ಅವಳ ಗಂಡ. ಔಷಧಿ ಅಂಗಡಿಯಲ್ಲಿ ಕೆಲಸ. ಒಳಗೆ ಹೋಗಿ ನೋಡಿದರೆ ದೊರೆ ಅಂಗಾತ ಬಿದ್ದುಕೊಂಡು ಗೊರಕೆ ಹೊಡೆಯುತ್ತಿದ್ದಾನೆ. ರೈಲಿನ ಕೋಣೆಗೆ ಬೀಗ. ಕೀಲಿಕೈ ಮೊಳೆಯ ಮೇಲೆ.

ಈ ರೈಲಿನ ಕೋಣೆಯ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ.

ಮನೆ ಅವಳ ಅಪ್ಪನದು. ಗಡಿಯಾರ ರಿಪೇರಿಯವನು. ಮೂವತ್ತು ವರ್ಷ ಕೂತು, ಮನೆಯಲ್ಲಿದ್ದ ಒಂದೇ ಒಂದು ಒಳ್ಳೆಯ ಕೋಣೆಯಲ್ಲಿ ನಾಲ್ಕು ಗೋಡೆಗೂ ಹಲಗೆ ಹೊಡೆದು, ಅದರ ಮೇಲೆ ಆಟದ ರೈಲು ಕಟ್ಟಿದ. ಆಟದ್ದು ಅಂದರೆ ಅವನಿಗೆ ಸಿಟ್ಟು ಬರುತ್ತಿತ್ತು. ಐದು ಸ್ಟೇಷನ್ನು, ಒಂದು ಯಾರ್ಡು. ಯಾರ್ಡ್ ಅಂದರೆ ಬಂದ ರೈಲನ್ನು ಬಿಡಿಸಿ, ಯಾವ ವ್ಯಾಗನ್ ಯಾವ ಊರಿಗೋ ಹಾಗೆ ಬೇರೆ ಮಾಡಿ, ಹೊಸ ರೈಲಿಗೆ ಕಟ್ಟಿ ಕಳಿಸುವ ಜಾಗ. ಆರು ಹಳಿ. ಒಂದೊಂದು ವ್ಯಾಗನ್ನಿಗೂ ಒಂದೊಂದು ಚೀಟಿ, ಅದರಲ್ಲಿ ಹೋಗಬೇಕಾದ ಊರು. ಭಾನುವಾರ ಬಂತೆಂದರೆ ಇಲ್ಲದ ಕಲ್ಲಿದ್ದಲನ್ನು ಇಲ್ಲದ ಕಾರ್ಖಾನೆಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವುದು. ಇದಕ್ಕೆ ಮೂರು ನಾಲ್ಕು ಜನ ಬೆಳೆದ ಗಂಡಸರು, ಕಿವಿಗೆ ಪೆನ್ಸಿಲ್ಲು ಸಿಕ್ಕಿಸಿಕೊಂಡು.

ಆದರೂ ಅಪ್ಪನಿಗೆ ಕೆಲಸ ಗೊತ್ತಿತ್ತು. ಅದನ್ನು ಅವಳೂ ಒಪ್ಪುತ್ತಾಳೆ. ಅರವತ್ತು ವ್ಯಾಗನ್ ಹಿಡಿಯುವ ಯಾರ್ಡಿನಲ್ಲಿ ಅವನು ಮೂವತ್ತರ ಮೇಲೆ ಒಂದು ನಿಲ್ಲಿಸುತ್ತಿರಲಿಲ್ಲ. ಉಳಿದವು ಬೇರೆ ಸ್ಟೇಷನ್ನುಗಳಲ್ಲಿ. ಮೂರನೇ ಹಳಿ ಯಾವಾಗಲೂ ಪೂರ್ತಿ ಖಾಲಿ. ಯಾಕೆ ಎಂದು ಚಿಕ್ಕವಳಿದ್ದಾಗ ಕೇಳಿದ್ದಳು. "ಇಂಜಿನ್ ತಿರುಗಿ ಬರೋಕೆ ದಾರಿ ಬೇಡ್ವಾ? ಜಾಗ ಇದೆ ಅಂತ ತುಂಬ್ಸಿದ್ರೆ ಯಾರ್ಡು ಕಟ್ಟಿಕೊಳ್ಳತ್ತೆ, ಒಂದೂ ಅಲ್ಲಾಡಲ್ಲ" ಎಂದಿದ್ದ. ಸಾಯುವ ಮುಂಚೆ ಅವಳ ಕೈ ಹಿಡಿದು ಒಂದು ಮಾತು ತೆಗೆದುಕೊಂಡ. ರೈಲು ಓಡುತ್ತಿರುವಷ್ಟು ದಿನ ಕಳಚಬಾರದು. ಅವಳು ಹೂಂ ಅಂದಳು. ಸಾಯುತ್ತಿರುವವನ ಎದುರು ಇನ್ನೇನು ಅನ್ನಲಾಗುತ್ತದೆ?

ಆ ಹೂಂಗೆ ಈಗ ನಾಲ್ಕು ತಿಂಗಳು. ಅಷ್ಟರಲ್ಲಿ ಅವಳ ಸಣ್ಣ ಮಗುವಿಗೆ ಉಬ್ಬಸ ಶುರುವಾಗಿತ್ತು. ಒಂಬತ್ತು ತಿಂಗಳ ಗಂಡುಮಗು. ಉಸಿರೆಳೆದಾಗಲೆಲ್ಲ ಎದೆಯೊಳಗೆ ಕುಂಯ್... ಕುಂಯ್... ಡಾಕ್ಟರಮ್ಮ ಹೇಳಿದ್ದು ಒಂದೇ ಮಾತು. ಮಗು ಹೊಲಿಗೆ ಮಿಷನ್ನಿನ ಹತ್ತಿರ ಮಲಗಬಾರದು, ಬಟ್ಟೆಯ ನಾರು ಎದೆಗಿಳಿಯುತ್ತದೆ, ಕಿಟಕಿ ಇರುವ ಬೇರೆ ಕೋಣೆಯಲ್ಲಿ ಮಲಗಿಸಿ. ಬೇರೆ ಕೋಣೆ! ಉಳಿದದ್ದು ಎರಡು ಗೂಡು. ಒಂದರಲ್ಲಿ ಅಡುಗೆ, ಅಲ್ಲೇ ಅತ್ತೆಯ ಹಾಸಿಗೆ. ಇನ್ನೊಂದರಲ್ಲಿ ಇವಳು, ಗಂಡ, ಏಳು ವರ್ಷದ ದೊಡ್ಡ ಮಗಳು, ಮಗು, ಮಿಷನ್ನು, ಮೊಣಕಾಲೆತ್ತರದ ಬಟ್ಟೆಯ ರಾಶಿ. ಕಿಟಕಿಯಿದ್ದ ಕೋಣೆಯಲ್ಲಿ ಕಲ್ಲಿದ್ದಲು ಸಾಗುತ್ತಿತ್ತು.

"ಕೋಣೆ ಬಿಡಿಸಿಕೊಡಿ" ಎಂದರೆ ದೊರೆ ಅಂಗಡಿಯಿಂದ ಇನ್ನೊಂದು ಬಾಟಲಿ ಔಷಧಿ ತಂದ.

"ಅದು ನಿಮ್ಮಪ್ಪನಿಗೆ ನೀನೇ ಕೊಟ್ಟ ಮಾತು. ನಾನು ನಡೆಸ್ತಾ ಇದೀನಿ ಅಷ್ಟೆ."

"ಅಪ್ಪ ಬದುಕಿದ್ದಾಗ ನಿಮ್ಮನ್ನ ಯಾರ್ಡ್ ಮುಟ್ಟೋಕೆ ಬಿಡ್ತಿರ್ಲಿಲ್ಲ. ಚೀಟಿ ಹಂಚೋಕೆ ಮಾತ್ರ ಇಟ್ಕೊಂಡಿದ್ರು."

"ಅವರಿಗೆ ಹೊಟ್ಟೆಕಿಚ್ಚು. ನೋಡ್ತಿರು, ಈ ಭಾನುವಾರ ಹದಿನಾಲ್ಕು ರೈಲು, ಒಂದೂ ನಿಲ್ಲದೆ ಓಡಿಸ್ತೀನಿ. ಯಾರ್ಡು ಕಟ್ಟಿಕೊಂಡ್ರೆ ಅವತ್ತೇ ಕಳಚಿಕೊಡ್ತೀನಿ. ಓಡಿದ್ರೆ ಆಮೇಲೆ ಕೋಣೆ ಸುದ್ದಿ ಎತ್ತಬಾರದು. ಆಯ್ತಾ?"

ಅತ್ತೆ ಒಲೆಯ ಹತ್ತಿರದಿಂದ ಹೇಳಿದಳು. "ಆಯ್ತು ಅಂತ ಹೇಳಮ್ಮ. ಇವನು ಸೈಕಲ್ಲೇ ನೆಟ್ಟಗೆ ನಿಲ್ಲಿಸಿದ್ದು ನಾನು ನೋಡಿಲ್ಲ."

ಬುಧವಾರ ಅವನು ಯಾರ್ಡು ಜೋಡಿಸಿದ. ಅವಳು ಬಾಗಿಲಲ್ಲಿ ನಿಂತು ನೋಡಿದಳು. ಐವತ್ತೆಂಟು ವ್ಯಾಗನ್. ಆರು ಹಳಿಯೂ ಭರ್ತಿ. ಮೂರನೇ ಹಳಿಯಲ್ಲಿ ಹತ್ತು ಎಣ್ಣೆ ಟ್ಯಾಂಕರು, ಕೆಂಪು ಬಣ್ಣದವು, ನೋಡಲು ಚಂದ ಎಂದು. ಜಾಗವನ್ನು ಟೇಪು ಹಿಡಿದು ಅಳೆದ, ವ್ಯಾಗನ್ನುಗಳನ್ನು ಅಳೆದ, ಎರಡೂ ಸರಿಹೋಯಿತು ಎಂದು ಪುಸ್ತಕದಲ್ಲಿ ಗೀಟು ಹಾಕಿದ. ಅವುಗಳನ್ನು ಎಳೆಯುವ ಇಂಜಿನ್ನಿಗೂ ಓಡಾಡಲು ಜಾಗ ಬೇಕು ಎನ್ನುವುದು ಆ ತಲೆಗೆ ಹೊಳೆಯಲಿಲ್ಲ. ಮೂರನೇ ರೈಲಿಗೇ ಇದು ಕಟ್ಟಿಕೊಳ್ಳುತ್ತದೆ ಎಂದು ಅವಳಿಗೆ ಒಂದೇ ನೋಟಕ್ಕೆ ಗೊತ್ತಾಯಿತು. ಬಾಯಿಗೆ ಬೀಗ ಹಾಕಿಕೊಂಡು ಹೋಗಿ ಗುಂಡಿ ಹೊಲಿದಳು.

ಈಗ ಗುರುವಾರ ರಾತ್ರಿಗೆ ಬರೋಣ.

ಬೀಗ ತೆಗೆದಳು. ದೀಪ ಹಾಕಿದಳು. ಕೋಣೆಯಲ್ಲಿ ಯಾರೂ ಇಲ್ಲ. ಯಾರ್ಡಿನಲ್ಲಿ ಮೂವತ್ತೇ ವ್ಯಾಗನ್. ಉಳಿದವು ಐದು ಸ್ಟೇಷನ್ನುಗಳಲ್ಲಿ, ಚೀಟಿಯಲ್ಲಿದ್ದ ಊರಿಗೆ ತಕ್ಕ ಹಾಗೆ ನಿಂತಿವೆ.

ಮೂರನೇ ಹಳಿ... ಖಾಲಿ.

ಬೆಳಗ್ಗೆ ದೊರೆ ಕೂಗಾಡಿದ. ಯಾರು ಮುಟ್ಟಿದ್ದು, ಯಾವಳು ಮುಟ್ಟಿದ್ದು ಎಂದು ದೊಡ್ಡ ಮಗಳ ಕಿವಿ ಹಿಂಡಿದ. ಹೊಲಿಗೆಯವಳು ಅವನ ಕೈ ತಳ್ಳಿ ಹೇಳಿದಳು. "ಮಗೂ ಕಿವಿ ಬಿಡಿ. ಮುಟ್ಟಿದ್ದು ಯಾರೋ ಕೆಲಸ ಬರೋರು. ನಮ್ಮನೇಲಿ ಅಂಥೋರು ಯಾರಿದಾರೆ?"

ಅವನು ಇವಳನ್ನೇ ಗುಮಾನಿಯಿಂದ ನೋಡಿದ. ಮತ್ತೆ ಐವತ್ತೆಂಟನ್ನೂ ತಂದು ತುರುಕಿದ.

ಶುಕ್ರವಾರ ರಾತ್ರಿ ಅವಳು ಹಳಿಗೆ ಕರೆಂಟು ಕೊಡುವ ವೈರು ಕಿತ್ತು, ಬೀಗ ಹಾಕಿ, ಕೀಲಿಕೈಯನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದಳು. ಒಂದು ಗಂಟೆಯ ಸುಮಾರಿಗೆ ಎಚ್ಚರವಾಯಿತು. ಮಗುವಿನ ಕುಂಯ್ ಕುಂಯ್ ಅಲ್ಲ. ಗೋಡೆಯಾಚೆ.

ಕಡಕ್... ಅದು ಹಳಿ ಬದಲಿಸುವ ಹಿಡಿ.

ಸರ್ರ್ರ್...

ಟಿಕ್.

ಎದ್ದಳು. ಬೀಗ ತೆಗೆದಳು. ಈ ಸಲ ದೀಪ ಹಾಕಲಿಲ್ಲ, ಕಿಟಕಿಯಿಂದ ಬೀದಿದೀಪದ ಬೆಳಕು ಬೀಳುತ್ತಿತ್ತು. ವ್ಯಾಗನ್ನುಗಳನ್ನು ಹಳಿಯಿಂದ ಹಳಿಗೆ ಎಳೆದು ಶಂಟಿಂಗ್ ಮಾಡುವ ಸಣ್ಣ ಕಪ್ಪು ಇಂಜಿನ್ ತನ್ನಷ್ಟಕ್ಕೆ ಓಡುತ್ತಿದೆ. ವೈರು ನೆಲದ ಮೇಲೆ ಬಿದ್ದಿದೆ. ಇಂಜಿನ್ ಹಳಿ ಕೂಡುವಲ್ಲಿ ಬಂದು ನಿಲ್ಲುತ್ತದೆ. ಹಿಡಿ ತಾನಾಗಿಯೇ ಮಗುಚುತ್ತದೆ... ಕಡಕ್. ಒಂದು ಕೆಂಪು ಟ್ಯಾಂಕರನ್ನು ಮೂರನೇ ಹಳಿಯಿಂದ ಎಳೆದುಕೊಂಡು ಹೊರಗೆ ಬರುತ್ತದೆ.

ಆಗ ಕೇಳಿಸಿತು. ಮೇಜಿನ ಆಚೆ ಬದಿಯಿಂದ, ಕೂತ ಮನುಷ್ಯನ ತಲೆಯ ಎತ್ತರದಲ್ಲಿ.

"ಹ್ಞುಂ."

ಮೂಗಿನಿಂದ ಬಿಟ್ಟ ಸದ್ದು. ಗಡಿಯಾರವನ್ನು ತಾವೇ ಬಿಚ್ಚಿ ಕೆಡಿಸಿಕೊಂಡು ತಂದವರಿಗೆ ಅಪ್ಪ ಬೇರೆ ಏನೂ ಹೇಳುತ್ತಿರಲಿಲ್ಲ. ಇದೊಂದೇ.

ಅವಳ ಮೈಯ ರೋಮ ನೆಟ್ಟಗಾಯಿತು. ಬಾಗಿಲು ಎಳೆದುಕೊಂಡು ಗೋಡೆಗೆ ಒರಗಿ ನಿಂತಳು. ಒಳಗೆ ಕೆಲಸ ನಡೆಯುತ್ತಲೇ ಇತ್ತು. ಸರ್ರ್ರ್... ಟಿಕ್.

ಶನಿವಾರ ಬೆಳಗ್ಗೆ ಮತ್ತೆ ಮೂವತ್ತು. ಮತ್ತೆ ದೊರೆಯ ಕೂಗಾಟ. ಮತ್ತೆ ಐವತ್ತೆಂಟು. "ನಿನ್ನದೇ ಕೈವಾಡ. ಓಡದ ಹಾಗೆ ಕೆಡಿಸ್ತಾ ಇದೀಯ" ಎಂದ.

ಕೆಡಿಸುವುದು! ಈ ಮನುಷ್ಯನ ಜೊತೆ ಒಂಬತ್ತು ವರ್ಷ ಬಾಳಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಸರಿಮಾಡಿದ್ದು ಯಾವುದು, ಕೆಟ್ಟದ್ದು ಯಾವುದು ಎಂದು ಎರಡು ದಿನ ಕಣ್ಣೆದುರು ಇಟ್ಟರೂ ತಿಳಿಯದವನು. ಆದರೆ ಅವಳಿಗೆ ಈಗ ಬೇರೆ ಹೆದರಿಕೆ. ದೆವ್ವದ್ದಲ್ಲ. ಈ ರಾತ್ರಿಯೂ ಅಪ್ಪ ಬಂದು ಯಾರ್ಡು ಸರಿಮಾಡಿಟ್ಟರೆ, ಬೆಳಗ್ಗೆ ದೊರೆಗೆ ಮತ್ತೆ ಜೋಡಿಸಲು ಹೊತ್ತಿರುವುದಿಲ್ಲ. ಸ್ನೇಹಿತರು ಏಳಕ್ಕೇ ಬರುತ್ತಾರೆ. ಅಪ್ಪನ ಯಾರ್ಡಿನಿಂದಲೇ ರೈಲು ಹೊರಡುತ್ತವೆ. ಹದಿನಾಲ್ಕೂ ಓಡುತ್ತವೆ. ಕೋಣೆ ಹೋಯಿತು.

ಅವತ್ತು ಸಂಜೆಯಿಂದ ಮಗುವಿನ ಎದೆ ಜೋರಾಯಿತು. ಪಕ್ಕೆಲುಬು ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಔಷಧಿ ಹಾಕಿ, ಹೆಗಲ ಮೇಲೆ ಹಾಕಿಕೊಂಡು ಹನ್ನೆರಡರವರೆಗೆ ಓಡಾಡಿದಳು. ಅತ್ತೆಯ ಮಡಿಲಿಗೆ ಕೊಟ್ಟು, ಕೀಲಿಕೈ ತೆಗೆದುಕೊಂಡಳು.

"ಎಲ್ಲಿಗೆ?" ಅತ್ತೆ ಪಿಸುಗುಟ್ಟಿದಳು.

"ಅಪ್ಪನ ಹತ್ರ ಸ್ವಲ್ಪ ಮಾತಾಡ್ಬೇಕು."

ಅತ್ತೆ ಅವಳ ಮುಖ ನೋಡಿದಳು. ಮಗುವಿನ ತಲೆಗೆ ಬಟ್ಟೆ ಎಳೆದಳು.

ಕೋಣೆಯಲ್ಲಿ ಆಗಲೇ ಶುರುವಾಗಿತ್ತು. ಆರು ಕೆಂಪು ಟ್ಯಾಂಕರು ಹೊರಬಿದ್ದಿದ್ದವು. ಕಪ್ಪು ಇಂಜಿನ್ ಏಳನೆಯದರ ಹತ್ತಿರ ಹೋಗುತ್ತಿತ್ತು. ಒಳಗೆ ಚಳಿ. ನೀರಿನ ತೊಟ್ಟಿಗೆ ಕೈಯಿಟ್ಟಂಥ ಚಳಿ.

"ಅಪ್ಪಾ..."

ಇಂಜಿನ್ ನಿಂತಿತು.

"ನೀನೇ ಅಂತ ಗೊತ್ತು. ಹೆದರ್ಸೋಕೆ ಬರ್ಬೇಡ. ನಂಗೆ ಬೆಳಗ್ಗೆ ಬೇಗ ಏಳ್ಬೇಕು."

ಮೇಜಿನ ಹತ್ತಿರ ಹೋಗಿ ನಿಂತಳು.

"ಅವರು ಕೆಟ್ಟದಾಗಿ ನಿಲ್ಲಿಸಿದಾರೆ. ನಂಗೂ ಕಾಣತ್ತೆ. ಆದ್ರೂ ಹಾಗೇ ಇರ್ಲಿ ಬಿಡು."

"ಹ್ಞುಂ." ಇಂಜಿನ್ ಮತ್ತೆ ಹೊರಟಿತು. ಅವಳು ಕೈ ಅಡ್ಡ ಇಟ್ಟಳು. ಅದು ಬಂದು ಬೆರಳಿಗೆ ತಾಗಿತು. ಕೋಳಿಮೊಟ್ಟೆಯಷ್ಟು ಭಾರದ ಇಂಜಿನ್ನು. ಆದರೆ ಅವಳ ಕೈಯನ್ನು ತಳ್ಳಿತು... ನಿಧಾನವಾಗಿ... ಒಂದು ಗೇಣು ದೂರ. ಬಲವಾಗಿ ಹಿಡಿದರೂ ನಿಲ್ಲಲಿಲ್ಲ. ಬೆರಳ ತುದಿ ಮರಗಟ್ಟಿತು.

ಅವಳಿಗೆ ಅಳು ಬರಬೇಕಿತ್ತು. ಸಿಟ್ಟು ಬಂತು.

"ಸತ್ತ ಮೇಲೂ ನಿಂಗೆ ಇದೇ ಆಯ್ತಾ? ಅಮ್ಮ ಮೂವತ್ತು ವರ್ಷ ಒಲೆ ಹತ್ರ ಮಲಗಿದ್ಲು, ನಿನ್ನ ವ್ಯಾಗನ್ನು ಗಾಳಿ ಬೆಳಕಲ್ಲಿದ್ವು. ಸರಿ, ನಿನ್ನ ಲೆಕ್ಕದಲ್ಲೇ ಹೇಳ್ತೀನಿ, ಕೇಳು. ಈ ಮನೆ ಒಂದು ಯಾರ್ಡು. ಮೊದಲ್ನೇ ಹಳೀಲಿ ಅತ್ತೆ. ಎರಡ್ನೇದ್ರಲ್ಲಿ ನಾನು, ನನ್ನ ಮಿಷನ್ನು. ಮೂರ್ನೇದ್ರಲ್ಲಿ ನಿನ್ನ ಅಳಿಯ, ಕಾಲು ಚಾಚ್ಕೊಂಡು. ನಾಲ್ಕ್ನೇದ್ರಲ್ಲಿ ದೊಡ್ಡವಳು. ಉಳಿದಿದ್ದೆಲ್ಲ ಬಟ್ಟೆ ರಾಶಿ. ಮಗೂನ ಎಲ್ಲಿ ನಿಲ್ಲಿಸ್ಲಿ? ಹೇಳು. ದೊಡ್ಡ ಯಾರ್ಡ್ ಮಾಸ್ಟರು ನೀನು."

ಇಂಜಿನ್ ಮತ್ತೆ ನಿಂತಿತು.

ಆ ನಿಶ್ಶಬ್ದದಲ್ಲಿ ಗೋಡೆಯಾಚೆಯಿಂದ ಕೇಳಿಸಿತು. ಕುಂಯ್... ಕುಂಯ್... ಒಂದು ಉಸಿರು ಅರ್ಧಕ್ಕೆ ನಿಂತಿತು. ಆಮೇಲೆ ಮತ್ತೆ... ಕುಂಯ್.

ಎಷ್ಟು ಹೊತ್ತೋ. ಅವಳು ಉಸಿರುಗಳನ್ನು ಕೇಳುತ್ತ ನಿಂತಿದ್ದಳು. ಮೇಜಿನ ಆಚೆಯೂ ಯಾರೋ ಕೇಳುತ್ತ ಕೂತಿದ್ದರು.

ಕಡಕ್.

ಇಂಜಿನ್ ಹಿಂದಕ್ಕೆ ಚಲಿಸಿತು. ಹೊರಗೆ ಎಳೆದಿದ್ದ ಟ್ಯಾಂಕರಿನ ಹತ್ತಿರ ಹೋಯಿತು. ಟಿಕ್. ಅದನ್ನು ತಳ್ಳಿಕೊಂಡು ಬಂದು ಮೂರನೇ ಹಳಿಯಲ್ಲಿ, ದೊರೆ ಎಲ್ಲಿಟ್ಟಿದ್ದನೋ ಅಲ್ಲೇ ನಿಲ್ಲಿಸಿತು. ಮತ್ತೆ ಹೋಯಿತು. ಇನ್ನೊಂದನ್ನು ತಂದಿತು. ಒಂದೊಂದನ್ನು ಇಡುವಾಗಲೂ ಮೂಗಿನಿಂದ "ಹ್ಞುಂ". ಆರು ಟ್ಯಾಂಕರಿಗೆ ಆರು ಸಲ. ಬದುಕಿಡೀ ಒಂದು ವ್ಯಾಗನ್ನನ್ನೂ ತಪ್ಪು ಹಳಿಯಲ್ಲಿ ನಿಲ್ಲಿಸದವನು ತನ್ನ ಕೈಯಾರೆ ಆ ದಡ್ಡನ ಯಾರ್ಡನ್ನು ಪೂರ್ತಿ ಮಾಡಿಕೊಟ್ಟ. ಕೊನೆಯದು ಹೋಗಿ ಸೇರಿದಾಗ ಕೋಣೆಯ ಚಳಿ ಇಳಿಯಿತು. ಅವಳು ಬೀಗ ಹಾಕಿ ಬಂದು ಮಗುವನ್ನು ಎತ್ತಿಕೊಂಡಳು.

ಭಾನುವಾರ ಏಳಕ್ಕೆ ಸ್ನೇಹಿತರಿಬ್ಬರು ಬಂದರು. ಒಬ್ಬ ಕನ್ನಡಕದ ಅಂಗಡಿಯವನು, ಇನ್ನೊಬ್ಬ ಡ್ರಾಯಿಂಗ್ ಮೇಷ್ಟ್ರು. ದೊರೆ ಹಸಿರು ಟೋಪಿ ಹಾಕಿಕೊಂಡಿದ್ದ. ಐವತ್ತೆಂಟೂ ಇದ್ದಲ್ಲೇ ಇದ್ದದ್ದು ನೋಡಿ ಇವಳ ಕಡೆಗೆ ಹುಬ್ಬು ಹಾರಿಸಿದ. "ನಿನ್ನ ಆಟ ನಿಲ್ತಲ್ಲ?"

"ನಿಲ್ತು" ಎಂದಳು.

ಮೊದಲನೆ ರೈಲು ಹೊರಟಿತು. ಎರಡನೆಯದು ಪೂರ್ವದಿಂದ ಬಂದು, ಮೊದಲನೆಯದು ಬಿಟ್ಟ ಜಾಗದಲ್ಲಿ ನಿಂತಿತು. ಅದನ್ನು ಎಳೆದು ತಂದ ಇಂಜಿನ್ ಮೂಲೆಯಲ್ಲಿ ಸಿಕ್ಕಿಕೊಂಡಿತು. ಮುಂದೆ ಹಳಿ ಮುಗಿಯುವ ಅಡ್ಡಪಟ್ಟಿ, ಹಿಂದೆ ತಾನೇ ತಂದ ಒಂಬತ್ತು ವ್ಯಾಗನ್. ತಿರುಗಿ ಬರುವ ಹಳಿಯಲ್ಲಿ ಕೆಂಪು ಟ್ಯಾಂಕರು. ಮೂರನೆ ರೈಲು ಬಂತು. ನಿಲ್ಲಲು ಜಾಗವಿಲ್ಲ. ಹೊರಗೆ, ದಾರಿಗೆ ಅಡ್ಡ ನಿಂತಿತು. ಪಶ್ಚಿಮದಿಂದ ನಾಲ್ಕನೆಯದು ಬಂದು ಅದಕ್ಕೆ ಮುಖ ಕೊಟ್ಟು ನಿಂತಿತು.

"ಈಗ?" ಎಂದ ಮೇಷ್ಟ್ರು.

"ಒಂದ್ನಿಮಿಷ" ಎಂದ ದೊರೆ.

ಒಂದು ನಿಮಿಷ ನಲವತ್ತು ನಿಮಿಷವಾಯಿತು. ಈ ವ್ಯಾಗನ್ ತೆಗೆಯಲು ಆ ವ್ಯಾಗನ್ ಸರಿಸಬೇಕು, ಅದನ್ನು ಸರಿಸಲು ಇದು. ಬೆವರು ಒರೆಸಿದ. ಟೋಪಿ ತೆಗೆದ. ಕನ್ನಡಕದ ಅಂಗಡಿಯವನು ಗಡಿಯಾರ ನೋಡಿಕೊಂಡು "ಕಟ್ಟಿಕೊಂಡಿತು ಕಣೋ" ಎಂದ.

"ಇದು ಲೆಕ್ಕಕ್ಕಿಲ್ಲ. ನಿಮ್ಮ ಚೀಟಿ ತಪ್ಪು. ಮುಂದಿನ ವಾರ ಮತ್ತೆ..."

"ಹ್ಞುಂ."

ಮೂವರೂ ತಿರುಗಿದರು. ಸದ್ದು ದೊರೆಯ ಬಲಕಿವಿಯ ಹತ್ತಿರದಿಂದ ಬಂದಿತ್ತು. ಆ ಕಡೆ ಬರೀ ಗೋಡೆ. ಅವನ ಕಿವಿಯ ಮೇಲಿನ ಕೂದಲು ಗಾಳಿ ತಾಗಿದ ಹಾಗೆ ಅಲುಗಿದ್ದನ್ನು ಮೇಷ್ಟ್ರು ನೋಡಿದನಂತೆ. ಅವನು ಆಮೇಲೆ ಆ ಮನೆಗೆ ಕಾಲಿಟ್ಟಿಲ್ಲ.

ದೊರೆಯ ಮುಖ ಹಿಟ್ಟಿನ ಹಾಗಾಯಿತು. ಸ್ಕ್ರೂ ಡ್ರೈವರ್ ತೆಗೆದುಕೊಂಡು ಯಾರ್ಡಿನ ಮೊದಲ ಹಲಗೆ ಬಿಚ್ಚತೊಡಗಿದ. ಸಂಜೆಯೊಳಗೆ ಮೂವತ್ತು ವರ್ಷದ ರೈಲು ಹದಿನೇಳು ರಟ್ಟಿನ ಪೆಟ್ಟಿಗೆಯಾಗಿ ಅಟ್ಟಕ್ಕೆ ಹೋಯಿತು.

ಸೋಮವಾರ ಅವಳು ಕೋಣೆ ತೊಳೆದಳು. ಅತ್ತೆಯ ಹಳೇ ಕಬ್ಬಿಣದ ಮಂಚ ತಂದರು. ಚಕ್ರವಿಲ್ಲದ್ದು, ಎತ್ತಲು ಇಬ್ಬರು ಗಂಡಸರು ಬೇಕು. ನಮ್ಮ ಮನೆಯವರೇ ಒಂದು ಕಡೆ ಹಿಡಿದಿದ್ದರು. ದೊರೆಗೆ ಅಷ್ಟರಲ್ಲಿ ಬಣ್ಣ ವಾಪಸು ಬಂದಿತ್ತು. ಮಂಚವನ್ನು ಬಾಗಿಲ ಹಿಂದಿನ ಮೂಲೆಗೆ ತಳ್ಳಿಸಿದ. ಕಿಟಕಿಯ ಹತ್ತಿರದ ಜಾಗ ಇರಲಿ ಎಂದ. ಯಾಕೆ ಅಂದರೆ, "ಸುಮ್ನೆ, ಒಂದು ಚಿಕ್ಕ ಹಲಗೆ... ಎರಡೇ ಹಳಿ..."

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು, ಅಷ್ಟೆ. ರಾತ್ರಿಯಾಗಿತ್ತು, ಮಗುವಿಗೆ ನಿದ್ದೆ ಹತ್ತಿತ್ತು. ಮೂಲೆಯ ಮಂಚದಲ್ಲೇ ಮಲಗಿಸಿದಳು. ಸುತ್ತ ಸೊಳ್ಳೆ ಪರದೆ ಸಿಕ್ಕಿಸಿದಳು. ಮಂಚದ ತಲೆಕಡೆಯ ಪಟ್ಟಿಯ ಮೇಲೆ ಒಂದು ಲೋಟ ತುಂಬ ನೀರಿಟ್ಟು, ತಾನು ಕೆಳಗೆ ಚಾಪೆ ಹಾಸಿ ಮಲಗಿದಳು. ರಾತ್ರಿ ಒಂದು ಸದ್ದೂ ಕೇಳಲಿಲ್ಲ ಎನ್ನುತ್ತಾಳೆ. ಮಗು ಅತ್ತರೆ ಅರ್ಧ ನಿದ್ದೆಯಲ್ಲೇ ಏಳುವವಳು.

ಬೆಳಗ್ಗೆ ಕಣ್ಣು ಬಿಟ್ಟರೆ ಚಾಪೆಯ ಪಕ್ಕ ಮಂಚವಿರಲಿಲ್ಲ.

ಕಿಟಕಿಯ ಕೆಳಗೆ ಇತ್ತು. ಗೋಡೆಗೆ ಸರಿಯಾಗಿ, ಸಮಾನಾಂತರವಾಗಿ. ಮಗು ಬಾಯಿ ಕಳೆದುಕೊಂಡು ಮಲಗಿತ್ತು. ಪರದೆಯ ಅಂಚು ಅವಳು ಸಿಕ್ಕಿಸಿದ ಹಾಗೇ ಇತ್ತು. ನೆಲದ ಮೇಲೆ ಒಂದು ಗೀರಿಲ್ಲ. ನನ್ನನ್ನು ಗೋಡೆ ತಟ್ಟಿ ಕರೆದಳು. ಹಲ್ಲುಜ್ಜುವುದು ಬಿಟ್ಟು ಓಡಿದೆ. ಆ ಮಂಚದ ತಲೆಕಡೆಯ ಪಟ್ಟಿಯ ಮೇಲೆ ನೀರಿನ ಲೋಟ ಇತ್ತು. ನಾನೇ ನೋಡಿದ್ದು, ಈ ಎರಡು ಕಣ್ಣಲ್ಲಿ. ನೀರು ಅಂಚಿನವರೆಗೂ ತುಂಬಿತ್ತು. ಪಟ್ಟಿ ಒಣಗಿತ್ತು.